ಋಣಿಯ ಮನೆಯೂ ನೆಲವೂ

“ದಿವಾಳಿ” ಎಂಬ ಶಬ್ದವು ಕನ್ನಡ ನಾಡಿನ ಪೇಟೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವುದಾದರೂ ಅದು ಮೂಲತಃ ಕನ್ನಡದ್ದಲ್ಲ. ಉತ್ತರ ದೇಶದ ವರ್ತಕರ ನುಡಿಯಿಂದ ಬಂದು ಸೇರಿದುದು. ಲೇವಾದೇವಿಯವನು ತನ್ನ ಹುಂಡಿಗಳಿಗೆ ಹಣ ಸಲ್ಲಿಸಲಾರದೆ ಹೋದಾಗ ಹಗಲಿನಲ್ಲಿಯೇ ಅಂಗಡಿಯಲ್ಲಿ ದೀಪ ಹಚ್ಚಿಟ್ಟು ತನ್ನ ಸ್ಥಿತಿಯನ್ನು ಲೋಕಕ್ಕೆ ತಿಳಿಸುತ್ತಿದ್ದನೆಂದೂ, ಆ ದೀಪದಿಂದಲೇ ಈ ಹೆಸರು ಬಂದಿತೆಂದೂ ಹಿಂದಿನ ನಿಘಂಟುಕಾರರು ಅರ್ಥ ಹೇಳಿರುವರು. ಇದರೊಡನೆ “ಪಾಪರ್ ಆಗುವುದು”, “ಪಾಪರ್ ಚೀಟಿ ತೆಗೆದುಕೊಳ್ಳುವುದು” ಎಂಬ ಮಾತುಗಳೂ ಕನ್ನಡಿಗರಲ್ಲಿ ಉಂಟು. ಇಂಗ್ಲಿಷಿನಲ್ಲಿ ನಿರ್ಗತಿಕನೆಂಬ ಅರ್ಥವುಳ್ಳ ಆ ಪದವು ಕೋರ್ಟಿನ ಶುಲ್ಕವನ್ನು ಕೊಡಲಾರದವನ ದಾವೆಗೆ ಸಂಬಂಧಪಟ್ಟುದು. ಜನರು ಅದನ್ನು ಸಾಲ ತೀರಿಸಲಾರದವನಿಗೆ ಅನ್ವಯಿಸಿಕೊಂಡರು.

ಶಬ್ದಗಳ ಮಾತು ಹಾಗಿರಲಿ. ಸಂಸಾರವಂತನೊಬ್ಬನು ಈ ಸ್ಥಿತಿಗೆ ಬಂದಾಗ ಏಳುವ ಪ್ರಶ್ನೆಗಳು ಅತ್ಯಂತ ಲೌಕಿಕವಾದುವು. ಅವನ ಮನೆ ಇನ್ನು ಯಾರದು? ಹೊಲಗದ್ದೆಗಳನ್ನು ಅವನು ಮಾರಬಲ್ಲನೇ? ಹಿಂದೆ ಮಾರಿದ್ದು ನಿಲ್ಲುವುದೇ? ಮನೆಯ ಒಂದು ಭಾಗದಲ್ಲಿ ಬಾಡಿಗೆಗೆ ಇರುವವನು ಬಾಡಿಗೆಯನ್ನು ಯಾರಿಗೆ ಕೊಡತಕ್ಕದ್ದು? ಭೋಗ್ಯಕ್ಕೆ ಹಣ ಕೊಟ್ಟು ಕುಳಿತವನ ಗತಿಯೇನು? ಹೆಂಡತಿ ಮಕ್ಕಳಿಗೆ ಉಳಿಯುವುದೇನು? ಈ ಪ್ರಶ್ನೆಗಳಿಗೆ ಈ ದೇಶದಲ್ಲಿ ಎರಡು ಕಾಲಗಳಲ್ಲಿ ಎರಡು ಬಗೆಯ ಉತ್ತರಗಳು ದೊರೆತಿವೆ. ಪ್ರಾಚೀನ ಧರ್ಮಶಾಸ್ತ್ರದಲ್ಲಿ ಸಾಲವು ಎಂದಿಗೂ ಅಳಿಯುತ್ತಿರಲಿಲ್ಲ. ಆದರೆ ನೆಲವು ಸುಲಭವಾಗಿ ಕೈಬಿಡುತ್ತಿರಲಿಲ್ಲ. ಆಧುನಿಕ ಶಾಸನದಲ್ಲಿ ಸಾಲಕ್ಕೆ ಅಂತ್ಯವುಂಟು. ಆದರೆ ಆ ಅಂತ್ಯವನ್ನು ಪಡೆಯಲು ನೆಲವನ್ನು ಒಪ್ಪಿಸಬೇಕು. ಒಂದರಿಂದ ಇನ್ನೊಂದಕ್ಕೆ ಸಮಾಜವು ಹೇಗೆ ಬಂದಿತು, ಬರುವಾಗ ಏನನ್ನು ಕಳೆದುಕೊಂಡಿತು, ಏನನ್ನು ಪಡೆಯಿತು ಎಂಬುದು ವಿಚಾರಯೋಗ್ಯವಾಗಿದೆ.

೧. ಸ್ಮೃತಿಗಳಲ್ಲಿ ಋಣ

ಮನುಸ್ಮೃತಿಯು ವ್ಯವಹಾರಪದಗಳನ್ನು ಹದಿನೆಂಟಾಗಿ ವಿಂಗಡಿಸಿ ಅವುಗಳಲ್ಲಿ ಮೊದಲನೆಯದಾಗಿ ಎಣಿಸಿರುವುದು ಋಣಾದಾನವನ್ನು. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿಯೂ ಈ ವಿಷಯಕ್ಕೆ ವಿಸ್ತಾರವಾದ ಪ್ರಕರಣವಿದೆ. ಆ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕರ್ಣಾಟಕದವರಿಗೆ ಅಪರಿಚಿತನಲ್ಲ. ೧೦೭೬ರಿಂದ ೧೧೨೬ರವರೆಗೆ ಆಳಿದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ರಾಜಧಾನಿಯಾದ ಕಲ್ಯಾಣದಲ್ಲಿ ಅವನು ಈ ಗ್ರಂಥವನ್ನು ರಚಿಸಿದನು. ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣವೇ ಆ ಊರು. ಅಲ್ಲಿ ಹುಟ್ಟಿದ ವ್ಯಾಖ್ಯಾನವು ಬಂಗಾಳವೊಂದನ್ನು ಬಿಟ್ಟರೆ ಬಹುಮಟ್ಟಿಗೆ ಭಾರತವೆಲ್ಲಕ್ಕೂ ದಾಯಭಾಗದಲ್ಲಿ ಪ್ರಮಾಣವಾಯಿತು. ೧೮೧೦ರಲ್ಲಿ ಕೋಲ್‌ಬ್ರೂಕ್ ಎಂಬ ವಿದ್ವಾಂಸನು ಅದರ ದಾಯಭಾಗವನ್ನು ಇಂಗ್ಲಿಷಿಗೆ ಅನುವಾದಿಸಿದುದರಿಂದ ಕಂಪೆನಿಯ ನ್ಯಾಯಾಧೀಶರಿಗೂ ಅದೇ ಆಧಾರವಾಯಿತು.

ಸ್ಮೃತಿಕಾರರ ದೃಷ್ಟಿಯಲ್ಲಿ ಸಾಲವು ಇಬ್ಬರ ನಡುವಣ ಕರಾರು ಮಾತ್ರವಲ್ಲ. ತೀರಿಸದೆ ಸತ್ತವನನ್ನು ಪರಲೋಕದಲ್ಲಿಯೂ ಬಾಧಿಸುವ ದೋಷ. ಆದುದರಿಂದ ಅದನ್ನು ತೀರಿಸುವ ಹೊಣೆಯು ಪುತ್ರಪೌತ್ರರ ಮೇಲೆ ಬೀಳುವುದು. ಮಗನು ಬಡ್ಡಿಯೊಡನೆ ತೀರಿಸಬೇಕು. ಮೊಮ್ಮಗನು ಅಸಲನ್ನು ಮಾತ್ರ ಕೊಟ್ಟರೆ ಸಾಕು. ಮರಿಮಗನು ಆಸ್ತಿಯನ್ನು ಪಡೆಯದಿದ್ದರೆ ಕೊಡಬೇಕಾಗಿಲ್ಲ. ಆದರೆ ತಂದೆಯು ಸುರೆಗಾಗಿಯೂ ಕಾಮಕ್ಕಾಗಿಯೂ ಜೂಜಿಗಾಗಿಯೂ ಮಾಡಿದ ಸಾಲ, ದಂಡದ ಬಾಕಿ, ಸುಂಕದ ಬಾಕಿ, ವ್ಯರ್ಥದಾನಕ್ಕಾಗಿ ಕೊಟ್ಟ ಮಾತು, ಇವುಗಳಿಗೆ ಮಗನು ಹೊಣೆಯಲ್ಲ. ಗಂಡನ ಸಾಲಕ್ಕೆ ಹೆಂಡತಿಯೂ ಹೊಣೆಯಲ್ಲ. ಅವಳು ತಾನಾಗಿ ಒಪ್ಪಿಕೊಂಡಿದ್ದರೆ, ಗಂಡನ ಜೊತೆಗೂಡಿ ಮಾಡಿದ್ದರೆ, ಅಥವಾ ತಾನೇ ಮಾಡಿದ್ದರೆ ಮಾತ್ರ ಕೊಡತಕ್ಕದ್ದು. ಅವಳ ಸ್ತ್ರೀಧನವನ್ನು ಗಂಡನು ಕ್ಷಾಮದಲ್ಲಿ, ರೋಗದಲ್ಲಿ, ಧರ್ಮಕಾರ್ಯದಲ್ಲಿ, ತಾನು ಸೆರೆಸಿಕ್ಕಿದಾಗ ಬಳಸಿಕೊಂಡರೆ ಹಿಂದಕ್ಕೆ ಕೊಡಬೇಕಾಗಿಲ್ಲವೆಂದು ಯಾಜ್ಞವಲ್ಕ್ಯನ ಮತ.

ಧನಿಕನು, ಎಂದರೆ ಸಾಲ ಕೊಟ್ಟವನು, ಹಣವನ್ನು ವಸೂಲು ಮಾಡಿಕೊಳ್ಳಲು ಮನುವು ಐದು ಉಪಾಯಗಳನ್ನು ಹೇಳಿರುವನು: ಧರ್ಮ, ವ್ಯವಹಾರ, ಛಲ, ಆಚರಿತ, ಬಲ. ನಯವಾದ ಮಾತಿನಿಂದ ಮೊದಲುಗೊಂಡು, ರಾಜಸಭೆಯ ವ್ಯಾಜ್ಯ, ಉಪಾಯಗಾರಿಕೆ, ಋಣಿಯ ಬಾಗಿಲಲ್ಲಿ ಕುಳಿತು ಕಾಡುವ ರೂಢಿ, ಕೊನೆಗೆ ಬಲಾತ್ಕಾರ ಎಂಬುದು ಈ ಕ್ರಮ. ಕೊಡಲು ಏನೂ ಇಲ್ಲದವನು ಸಮಾನ ಅಥವಾ ಕೆಳಗಿನ ವರ್ಣದವನಾದರೆ ದುಡಿದು ತೀರಿಸಬೇಕು. ಮೇಲಿನವನಾದರೆ ಆದಾಯ ಬಂದ ಹಾಗೆಲ್ಲ ಮೆಲ್ಲಮೆಲ್ಲನೆ ಕೊಡಬೇಕು. ಈ ಭೇದವು ಅನ್ಯಾಯವಾದುದೆಂಬುದನ್ನು ಮರೆಮಾಚಬೇಕಾಗಿಲ್ಲ. ಬಡವನ ದೇಹವೇ ಅವನ ಸಾಲಕ್ಕೆ ಅಡವಾಗುತ್ತಿದ್ದಿತು. ರಾಜ್ಯಕೋಶಗಳನ್ನೆಲ್ಲ ದಾನಮಾಡಿ ಬರಿಗೈಯಾದ ಹರಿಶ್ಚಂದ್ರನು ವಿಶ್ವಾಮಿತ್ರನ ಋಣಕ್ಕಾಗಿ ಕಾಶಿಯಲ್ಲಿ ಹೆಂಡತಿ ಮಗನನ್ನು ಮಾರಿ ತನ್ನನ್ನೂ ಮಾರಿಕೊಂಡ ಕಥೆಯನ್ನು ರಾಘವಾಂಕನ ಕಾವ್ಯದ ಮೂಲಕ ಕನ್ನಡಿಗರು ಬಲ್ಲರು. ಆಸ್ತಿಯು ಮುಗಿದ ಮೇಲೂ ಋಣವು ಮುಗಿಯದೆಂಬ ಪ್ರಾಚೀನರ ಭಾವನೆಯು ಆ ಕಥೆಯ ಬೆನ್ನೆಲುಬಾಗಿದೆ.

ಆದರೂ ಸಾಲವು ಮಿತಿಯಿಲ್ಲದೆ ಬೆಳೆಯಕೂಡದೆಂಬ ಕಟ್ಟಳೆಯಿತ್ತು. ಒಂದೇ ಸಾರಿ ವಸೂಲು ಮಾಡುವ ಬಡ್ಡಿಯು ಅಸಲಿಗಿಂತ ಹೆಚ್ಚಾಗಕೂಡದು. ಒಟ್ಟು ಮೊತ್ತವು ದ್ವಿಗುಣಕ್ಕೆ ನಿಲ್ಲತಕ್ಕದ್ದು. ಇದೇ ಮುಂದೆ “ದಾಮ್‌ದುಪ್ಪಟ್” ಎಂಬ ಹೆಸರಿನಿಂದ ಮುಂಬಯಿ ಪ್ರಾಂತದ ಕೋರ್ಟುಗಳಲ್ಲಿಯೂ ಊರ್ಜಿತವಾಗಿದ್ದಿತು. ಕೌಟಿಲ್ಯನ ಅರ್ಥಶಾಸ್ತ್ರವು ಉಳುವ ಕಾಲದಲ್ಲಿ ರೈತನನ್ನೂ ಕೆಲಸದ ಕಾಲದಲ್ಲಿ ರಾಜಪುರುಷನನ್ನೂ ಸಾಲಕ್ಕಾಗಿ ಹಿಡಿಯಕೂಡದೆಂದು ವಿಧಿಸುವುದು. ಮೈಸೂರಿನ ಪ್ರಾಚ್ಯಕೋಶಾಗಾರದ ಪಂಡಿತರಾಗಿದ್ದ ಆರ್. ಶಾಮಾಶಾಸ್ತ್ರಿಗಳು ೧೯೦೯ರಲ್ಲಿ ಈ ಗ್ರಂಥವನ್ನು ಅಚ್ಚುಹಾಕಿಸಿದ ಮೇಲೆ ಈ ವಿಷಯ ಲೋಕಕ್ಕೆ ತಿಳಿಯಿತು. ಮುಂಗಾರಿನಲ್ಲಿ ರೈತನನ್ನು ಸೆರೆಗೆ ಹಾಕಿದರೆ ಧನಿಕನಿಗೂ ಹಣ ಬಾರದು, ಅರಸನಿಗೂ ಕಂದಾಯ ಬಾರದು ಎಂಬ ವಿವೇಕವು ಇದರಲ್ಲಿ ಅಡಗಿದೆ.

೨. ಮಾರಲಾಗದ ನೆಲ, ಬಿಡಲಾಗದ ಭೋಗ್ಯ

ಇನ್ನು ಸ್ಥಾವರಾಸ್ತಿಯ ವಿಚಾರ. ಮಿತಾಕ್ಷರೆಯು ಉದ್ಧರಿಸುವ ಒಂದು ವಚನದಂತೆ ಸ್ಥಾವರಕ್ಕೆ ವಿಕ್ರಯವೇ ಇಲ್ಲ. ಸಂಬಂಧಪಟ್ಟವರ ಒಪ್ಪಿಗೆಯಿಂದ ಆಧಿ ಮಾಡಬಹುದು, ಎಂದರೆ ಅಡವಿಡಬಹುದು. ಇನ್ನೊಂದು ವಚನದಂತೆ ನೆಲವು ಆರರಿಂದ ಕೈ ಬದಲಾಯಿಸುವುದು: ಊರಿನವರು, ಜ್ಞಾತಿಗಳು, ನೆರೆಯವರು, ದಾಯಾದರು ಇವರ ಅನುಮತಿ, ಮತ್ತು ಹೊನ್ನು ನೀರುಗಳ ಧಾರೆ. ಮಾರಲೇಬೇಕಾದರೂ ದಾನದ ರೂಪದಲ್ಲಿ ಧಾರೆಯೆರೆದು ಮಾರತಕ್ಕದ್ದೆಂದು ವಿಜ್ಞಾನೇಶ್ವರನು ಇವೆರಡನ್ನೂ ಹೊಂದಿಸುವನು. ಕನ್ನಡ ಶಾಸನಗಳಲ್ಲಿ ಕಾಣುವ ಧಾರಾಪೂರ್ವಕದ ಮಾತಿಗೆ ಇದೇ ಹಿನ್ನೆಲೆ. ವಿಜಯನಗರದ ತಾಮ್ರಪಟಗಳಲ್ಲಿ ನಿಧಿ, ನಿಕ್ಷೇಪ, ಜಲ, ಪಾಷಾಣ ಮೊದಲಾದ ಅಷ್ಟಭೋಗಗಳನ್ನು ಎಣಿಸಿ, ದಾನಕ್ಕೂ ಆಧಿಗೂ ವಿಕ್ರಯಕ್ಕೂ ಯೋಗ್ಯವಾಗುವಂತೆ ಕೊಟ್ಟುದಾಗಿ ಬರೆಯುವ ಸಂಪ್ರದಾಯವಿತ್ತು. ಮಾರುವ ಅಧಿಕಾರವನ್ನು ಹೀಗೆ ಬಿಡಿಸಿ ಬರೆಯುತ್ತಿದ್ದುದು ಗಮನಾರ್ಹವಾದುದು.

ಒಪ್ಪಿಗೆಯ ಈ ಬೇಲಿಗೆ ಒಂದು ಗೇಟೂ ಇತ್ತು. ಆಪತ್ಕಾಲದಲ್ಲಿ, ಕುಟುಂಬಕ್ಕಾಗಿ, ವಿಶೇಷವಾಗಿ ಧರ್ಮಕ್ಕಾಗಿ, ಒಬ್ಬನೇ ಆದರೂ ಸ್ಥಾವರವನ್ನು ದಾನಮಾಡಬಹುದು, ಅಡವಿಡಬಹುದು, ಮಾರಬಹುದು ಎಂಬ ಬೃಹಸ್ಪತಿಯ ವಚನವನ್ನು ಮಿತಾಕ್ಷರೆಯು ಒಪ್ಪಿರುವುದು. ಮಾರುವಾಗ ಕೊಳ್ಳುವ ಹಕ್ಕು ಮೊದಲು ಯಾರದು ಎಂಬುದಕ್ಕೆ ಕೌಟಿಲ್ಯನು ಜ್ಞಾತಿ, ನೆರೆಯವ, ಧನಿಕ ಎಂಬ ಕ್ರಮವನ್ನು ಹೇಳಿರುವನು. ಧನಿಕನಿಗೂ ಸ್ಥಾನವುಂಟು, ಆದರೆ ಅದು ಮೂರನೆಯದು. ಋಣಿಯ ನೆಲವು ಅವನ ಬಳಗದ ಕೈಯಲ್ಲಿಯೋ ಊರಿನ ಕೈಯಲ್ಲಿಯೋ ಉಳಿಯಲೆಂಬುದೇ ಈ ಕ್ರಮದ ಆಶಯವಾಗಿ ತೋರುವುದು.

ಆಧಿಯಲ್ಲಿ ಗೋಪ್ಯ, ಭೋಗ್ಯ ಎಂದು ಎರಡು ವಿಧ. ಗೋಪ್ಯವನ್ನು ಧನಿಕನು ಕಾಪಾಡಿಡಬೇಕು, ಬಳಸಕೂಡದು. ಸಾಲವು ದ್ವಿಗುಣವಾದರೂ ಬಿಡಿಸಿಕೊಳ್ಳದಿದ್ದರೆ ಅದು ಋಣಿಗೆ ನಷ್ಟವಾಗುವುದು. ಭೋಗ್ಯವನ್ನು ಧನಿಕನು ಅನುಭವಿಸುವನು. ಅದರ ಫಲವೇ ಬಡ್ಡಿ. ಇಂಥ ಫಲಭೋಗ್ಯವಾದ ಆಧಿಯು ಎಂದಿಗೂ ನಾಶವಾಗದೆಂದು ಯಾಜ್ಞವಲ್ಕ್ಯನು ಹೇಳುವನು. ಎಷ್ಟು ವರ್ಷವಾದರೂ ಅಸಲನ್ನು ಕೊಟ್ಟು ನೆಲವನ್ನು ಬಿಡಿಸಿಕೊಳ್ಳಬಹುದು. ಫಲದಿಂದಲೇ ದ್ವಿಗುಣ ಹಣ ಸಂದಾಯವಾದೊಡನೆ ಬಿಡತಕ್ಕ ಕ್ಷಯಾಧಿಯೆಂಬ ಬಗೆಯೂ ಉಂಟು. ಸ್ಮೃತಿಗಳ ಅನೇಕ ಪರಿಭಾಷೆಗಳು ಪಂಡಿತರ ಬಾಯಲ್ಲಿ ಮಾತ್ರ ಉಳಿದಿರುವಾಗ ಭೋಗ್ಯವೆಂಬ ಈ ಮಾತು ಕನ್ನಡ ನಾಡಿನ ಹಳ್ಳಿಯ ಗದ್ದೆಯಿಂದ ಹಿಡಿದು ಬೆಂಗಳೂರಿನ ಮನೆಗಳವರೆಗೆ ಇಂದಿಗೂ ಜೀವಂತವಾಗಿದೆ. ಇಡಿಗಂಟು ಹಣವನ್ನು ಕೊಟ್ಟು, ಬಾಡಿಗೆಯಿಲ್ಲದೆ ಮನೆಯಲ್ಲಿ ವಾಸಿಸಿ, ಅವಧಿ ತೀರಿದಾಗ ಹಣವನ್ನು ಹಿಂದಕ್ಕೆ ಪಡೆಯುವ ವ್ಯವಸ್ಥೆಯು ಅದೇ ಹಳೆಯ ಭೋಗ್ಯದ ರೂಪಾಂತರ.

೩. ನೆಲವು ಹರಾಜಿಗೆ ಬಂದ ಕಾಲ

ಹತ್ತೊಂಬತ್ತನೆಯ ಶತಮಾನದಲ್ಲಿ ಈ ವ್ಯವಸ್ಥೆಯು ಬುಡಮೇಲಾಯಿತು. ಮುಂಬಯಿ ಪ್ರಾಂತದ ರೈತವಾರಿ ಪದ್ಧತಿಯಲ್ಲಿ ಭೂಮಾಪನವಾಗಿ, ಕಂದಾಯವು ನಿಗದಿಯಾಗಿ, ಪ್ರತಿಯೊಂದು ಸರ್ವೆ ನಂಬರಿಗೂ ಒಬ್ಬ ಹಿಡುವಳಿದಾರನ ಹೆಸರು ಬಿದ್ದಿತು. ನೆಲಕ್ಕೆ ಬೆಲೆ ಬಂದಿತು; ಬೆಲೆ ಬಂದುದರಿಂದ ಅದರ ಮೇಲೆ ಸಾಲವೂ ಹುಟ್ಟಿತು. ೧೮೬೧ರಿಂದ ೧೮೬೫ರವರೆಗೆ ಅಮೇರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿಯು ಇಂಗ್ಲೆಂಡಿಗೆ ಹೋಗುವುದು ನಿಂತಾಗ ಧಾರವಾಡ ಸೀಮೆಯ ಹತ್ತಿಗೆ ಅಪೂರ್ವವಾದ ಧಾರಣೆ ಬಂದಿತು. ಸಾಹುಕಾರರು ಧಾರಾಳವಾಗಿ ಕೊಟ್ಟರು, ರೈತರು ಧಾರಾಳವಾಗಿ ತೆಗೆದುಕೊಂಡರು. ಯುದ್ಧವು ಮುಗಿದು ಧಾರಣೆ ಇಳಿದಾಗ ಸಾಲ ಮಾತ್ರ ಇಳಿಯಲಿಲ್ಲ.

ಇದೇ ಸಮಯಕ್ಕೆ ಎರಡು ಶಾಸನಗಳು ಕೂಡಿಬಂದುವು. ೧೮೫೯ರ ಕಾಲಮಿತಿಯ ಶಾಸನದಂತೆ ಸಾಧಾರಣ ಸಾಲದ ದಾವೆಯನ್ನು ಮೂರು ವರ್ಷಗಳೊಳಗೆ ಹೂಡಬೇಕಾಯಿತು. ಋಣಿಯ ರಕ್ಷಣೆಗೆಂದು ಮಾಡಿದ ಈ ವಿಧಿಯು ಅವನಿಗೇ ಮುಳುವಾಯಿತು. ಸಾಹುಕಾರನು ಅವಧಿ ಮುಗಿಯುವುದರೊಳಗೆ ಬಡ್ಡಿಯನ್ನು ಅಸಲಿಗೆ ಸೇರಿಸಿ ಹೊಸ ಪತ್ರ ಬರೆಸಿಕೊಳ್ಳತೊಡಗಿದನು. ಅದೇ ವರ್ಷದ ಸಿವಿಲ್ ಪ್ರೊಸೀಜರ್ ಕೋಡಿನಂತೆ ಡಿಕ್ರಿಯಾದೊಡನೆ ನೆಲವನ್ನು ಜಪ್ತಿಮಾಡಿ ಹರಾಜು ಹಾಕಿಸುವುದು ಸುಲಭವಾಯಿತು. ಊರಿನವರ ಅನುಮತಿ, ದಾಯಾದರ ಅನುಮತಿ, ಹೊನ್ನು ನೀರುಗಳ ಧಾರೆ ಯಾವುದೂ ಬೇಕಿಲ್ಲದೆ ಅಮೀನನ ಕೂಗಿನಿಂದಲೇ ನೆಲವು ಕೈ ಬದಲಾಯಿಸಿತು. ೧೮೭೫ರ ಮೇ ತಿಂಗಳಿನಲ್ಲಿ ಪುಣೆಯ ಜಿಲ್ಲೆಯ ಸುಪೆ ಎಂಬಲ್ಲಿ ಆರಂಭವಾಗಿ ಅಹಮದನಗರ ಜಿಲ್ಲೆಗೂ ಹಬ್ಬಿದ ರೈತರ ದಂಗೆಯಲ್ಲಿ ಜನರು ಸಾಹುಕಾರರ ಪ್ರಾಣಕ್ಕಿಂತ ಅವರ ಪತ್ರಗಳನ್ನೇ ಹುಡುಕಿ ಸುಟ್ಟರು. ಅವರ ಕೋಪವು ಎಲ್ಲಿ ನೆಟ್ಟಿದ್ದಿತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆ ದಂಗೆಯ ಫಲವಾಗಿ ೧೮೭೯ರಲ್ಲಿ ದಖ್ಖಣದ ಕೃಷಿಕರ ಪರಿಹಾರ ಶಾಸನವು ಬಂದಿತು. ಹಣದ ಡಿಕ್ರಿಗಾಗಿ ಕೃಷಿಕನನ್ನು ಸೆರೆಹಿಡಿಯಕೂಡದೆಂದೂ, ನಿರ್ದಿಷ್ಟವಾಗಿ ಅಡವಿಟ್ಟ ಹೊರತು ಅವನ ಸ್ಥಾವರವನ್ನು ಜಪ್ತಿಮಾಡಿ ಮಾರಕೂಡದೆಂದೂ ಅದು ವಿಧಿಸಿತು. ಮೊದಲು ನಾಲ್ಕು ಜಿಲ್ಲೆಗಳಿಗೆ ಅನ್ವಯಿಸಿದ ಈ ಶಾಸನವು ಕ್ರಮೇಣ ಪ್ರಾಂತದ ಇತರ ಜಿಲ್ಲೆಗಳಿಗೂ ವ್ಯಾಪಿಸಿತು. ಮೈಸೂರು ಸಂಸ್ಥಾನವು ೧೯೨೮ರಲ್ಲಿ ಕೃಷಿಕರ ಪರಿಹಾರ ಶಾಸನವನ್ನು ಮಾಡಿತು. ದಕ್ಷಿಣ ಕನ್ನಡವೂ ಬಳ್ಳಾರಿಯೂ ಸೇರಿದ್ದ ಮದರಾಸು ಪ್ರಾಂತದಲ್ಲಿ ೧೯೩೮ರಲ್ಲಿ ಅಂಥದೇ ಶಾಸನವಾಯಿತು.

೪. ದಿವಾಳಿಯ ಶಾಸನ

ಕೃಷಿಕರಿಗೆ ಈ ಬಗೆಯ ಪರಿಹಾರ ದೊರೆತರೂ ಮಿಕ್ಕವರ ಪ್ರಶ್ನೆ ಉಳಿದಿದ್ದಿತು. ಸಾಲದಿಂದ ಪಾರಾಗಲು ಯಾವ ದಾರಿಯೂ ಇಲ್ಲದವನು ಸೆರೆಮನೆಯಿಂದ ಹೊರಬರುವುದೆಂತು? ಕಲಕತ್ತೆ, ಮದರಾಸು, ಮುಂಬಯಿ ಪಟ್ಟಣಗಳಿಗೆ ೧೮೨೮ರಲ್ಲಿಯೂ ೧೮೪೮ರಲ್ಲಿಯೂ ದಿವಾಳಿಯ ಶಾಸನಗಳಾದುವು. ಹೊರಗಿನ ಜಿಲ್ಲೆಗಳಿಗೆ ೧೮೭೭ರ ಸಿವಿಲ್ ಪ್ರೊಸೀಜರ್ ಕೋಡಿನ ಒಂದು ಅಧ್ಯಾಯವೇ ಗತಿಯಾಯಿತು. ೧೯೦೭ರಲ್ಲಿ ಪ್ರಾಂತಗಳಿಗೆ ಪ್ರತ್ಯೇಕ ಶಾಸನವಾಗಿ, ಅದನ್ನು ತಿದ್ದಿ ೧೯೨೦ರ ಪ್ರಾಂತೀಯ ದಿವಾಳಿ ಶಾಸನವು ರಚಿತವಾಯಿತು. ಮೈಸೂರು ಸಂಸ್ಥಾನವೂ ಇದೇ ಮಾದರಿಯನ್ನು ಅನುಸರಿಸಿತು. ಇದರ ಮೂಲತತ್ತ್ವವು ಸ್ಮೃತಿಗಳಲ್ಲಿ ಇಲ್ಲದ್ದು: ಇದ್ದುದನ್ನೆಲ್ಲ ಪ್ರಾಮಾಣಿಕವಾಗಿ ಒಪ್ಪಿಸಿದವನಿಗೆ ಋಣದಿಂದ ವಿಮೋಚನೆಯುಂಟು.

ಈ ಶಾಸನದ ನಡೆಯನ್ನು ಒಂದು ದೃಷ್ಟಾಂತದಿಂದ ತಿಳಿಯಬಹುದು. ದೇವದತ್ತನೆಂಬ ವರ್ತಕನಿಗೆ ಪಟ್ಟಣದಲ್ಲಿ ಒಂದು ವಾಸದ ಮನೆ, ಬಾಡಿಗೆಗೆ ಕೊಟ್ಟ ಇನ್ನೊಂದು ಮನೆ, ಹಳ್ಳಿಯಲ್ಲಿ ಅಡವಿಟ್ಟ ತೋಟ ಇವೆಯೆಂದು ಭಾವಿಸೋಣ. ವ್ಯಾಪಾರ ಕೆಟ್ಟು ಅವನು ಸಾಲ ತೀರಿಸಲಾರನಾದನು. ಸಾಲವು ಐದು ನೂರು ರೂಪಾಯಿಗಳಿಗೆ ಕಡಿಮೆಯಿಲ್ಲದಿದ್ದರೆ ತಾನೇ ಅರ್ಜಿ ಕೊಡಬಹುದು; ಅವನು ಆಸ್ತಿಯನ್ನು ಮರೆಮಾಡಿದರೆ, ಊರು ಬಿಟ್ಟು ಓಡಿದರೆ, ಹಣ ಕೊಡುವುದನ್ನು ನಿಲ್ಲಿಸಿರುವೆನೆಂದು ತಿಳಿಸಿದರೆ ಧನಿಕರೂ ಅರ್ಜಿ ಕೊಡಬಹುದು. ದಿವಾಳಿಯೆಂದು ಕೋರ್ಟು ತೀರ್ಮಾನಿಸಿದ ಒಡನೆ ಅವನ ಸಮಸ್ತ ಆಸ್ತಿಯೂ ಕೋರ್ಟಿಗೆ ಅಥವಾ ಅದು ನೇಮಿಸಿದ ರಿಸೀವರನಿಗೆ ಸೇರುವುದು. ಆ ತೀರ್ಮಾನವು ಅರ್ಜಿ ಕೊಟ್ಟ ದಿನದಿಂದಲೇ ಜಾರಿಯಾದಂತೆ. ಅಲ್ಲಿಂದ ಮುಂದೆ ದೇವದತ್ತನು ಆ ಮನೆಗಳನ್ನು ಮಾರಿದರೆ ಕೊಂಡವನಿಗೆ ಹಕ್ಕು ಬಾರದು. ಮಾರುವ ಅಧಿಕಾರವು ರಿಸೀವರನದು, ಬಂದ ಹಣವು ಧನಿಕರೆಲ್ಲರಿಗೆ ಪ್ರಮಾಣಾನುಸಾರ ಹಂಚತಕ್ಕದ್ದು. ವಿಮೋಚನೆಯಾಗುವುದರೊಳಗೆ ಅವನಿಗೆ ಬಂದ ಪಿತ್ರಾರ್ಜಿತವೂ ಈ ಗಂಟಿಗೇ ಸೇರುವುದು. ಸರ್ಕಾರದ ಬಾಕಿಗೂ, ಆಳುಕಾಳುಗಳ ನಾಲ್ಕು ತಿಂಗಳೊಳಗಣ ಸಂಬಳಕ್ಕೆ ಒಂದು ಮಿತಿಯವರೆಗೂ ಅಗ್ರಸ್ಥಾನವಿದೆ. ಸಾಲವೆಲ್ಲ ತೀರಿ ಏನಾದರೂ ಉಳಿದರೆ ಅದು ದೇವದತ್ತನದೇ.

ಬಾಡಿಗೆಯವನಾದ ಯಜ್ಞದತ್ತನ ಸ್ಥಿತಿ ಏನು? ರಿಸೀವರನು ದೇವದತ್ತನ ಸ್ಥಾನದಲ್ಲಿ ನಿಲ್ಲುವನು. ಅವನಿಗಿದ್ದ ಹಕ್ಕಿಗಿಂತ ಹೆಚ್ಚಿನದನ್ನು ಪಡೆಯನು. ಆದುದರಿಂದ ಯಜ್ಞದತ್ತನು ಬಾಡಿಗೆಯನ್ನು ಇನ್ನು ರಿಸೀವರನಿಗೆ ಕೊಡತಕ್ಕದ್ದು. ಮನೆಯೊಡೆಯನು ದಿವಾಳಿಯಾದನೆಂಬುದೊಂದೇ ಕಾರಣದಿಂದ ಅವನನ್ನು ಎಬ್ಬಿಸಲಾಗದು. ಆದರೆ ಭೋಗ್ಯದವನು ಎಚ್ಚರದಿಂದ ಇರಬೇಕು. ೧೮೮೨ರ ಸ್ವತ್ತು ಹಸ್ತಾಂತರದ ಶಾಸನದಂತೆ ನೂರು ರೂಪಾಯಿಗೂ ಅದಕ್ಕೆ ಮೇಲ್ಪಟ್ಟ ಮೊತ್ತಕ್ಕೂ ಮಾಡಿದ ಭೋಗ್ಯದ ಅಡಮಾನವು, ಇಬ್ಬರು ಸಾಕ್ಷಿಗಳ ಸಹಿಯುಳ್ಳ ನೋಂದಾಯಿತ ಪತ್ರದಿಂದಲೇ ಆಗಬೇಕು. ಅಂಥ ಪತ್ರವಿದ್ದರೆ ಅವನು ಭದ್ರತೆಯುಳ್ಳ ಧನಿಕನಾಗುವನು. ದಿವಾಳಿಯು ಅವನ ಹಕ್ಕನ್ನು ಮುಟ್ಟದು. ತೋಟವನ್ನು ಅಡವಿಟ್ಟುಕೊಂಡವನಿಗೂ ಇದೇ ನ್ಯಾಯ. ಕೇವಲ ಛಾಪಾ ಕಾಗದದ ಕರಾರನ್ನು ನಂಬಿ ಇಡಿಗಂಟು ಕೊಟ್ಟವನು ಮನೆಯಲ್ಲಿ ಕುಳಿತಿದ್ದರೂ ಹಣದ ಮಟ್ಟಿಗೆ ಸಾಧಾರಣ ಧನಿಕರ ಸಾಲಿನಲ್ಲಿ ನಿಲ್ಲಬೇಕಾದೀತು. ಎಂದಿಗೂ ನಾಶವಾಗದೆಂದು ಸ್ಮೃತಿಯು ಹೇಳಿದ ಭೋಗ್ಯದ ಹೆಸರಿನಲ್ಲಿಯೇ ಸಂಸಾರಗಳು ಕೂಡಿಟ್ಟ ಹಣವು ಹೀಗೆ ಅಪಾಯಕ್ಕೆ ಒಳಗಾಗುವುದು ವಿಷಾದಕರ.

ದಿವಾಳಿಯ ಮುನ್ಸೂಚನೆ ಕಂಡೊಡನೆ ಮನೆಯನ್ನು ಹೆಂಡತಿಯ ಹೆಸರಿಗೋ ಭಾವಮೈದುನನ ಹೆಸರಿಗೋ ಬರೆದುಬಿಡುವುದು ಲೋಕದಲ್ಲಿ ಹೊಸದಲ್ಲ. “ಕೊಟ್ಟವನು ಕೋಡಂಗಿ, ಈಸಿಕೊಂಡವನು ವೀರಭದ್ರ” ಎಂಬ ಗಾದೆಯು ಇಂಥ ಅನುಭವದಿಂದಲೇ ಬಂದಿರಬೇಕು. ಶಾಸನವು ಇದನ್ನು ಬಲ್ಲದು. ಹಸ್ತಾಂತರವಾದ ಎರಡು ವರ್ಷಗಳೊಳಗೆ ಬಿದ್ದ ಅರ್ಜಿಯ ಮೇಲೆ ಅವನು ದಿವಾಳಿಯಾದರೆ, ಸದ್ಭಾವದಿಂದ ತಕ್ಕ ಬೆಲೆ ಕೊಟ್ಟು ಕೊಂಡವನ ವಿಷಯವನ್ನೂ, ವಿವಾಹಕ್ಕೆ ಮೊದಲು ವಿವಾಹದ ನಿಮಿತ್ತ ಮಾಡಿದ್ದನ್ನೂ ಬಿಟ್ಟು, ಮಿಕ್ಕ ಹಸ್ತಾಂತರವನ್ನು ಕೋರ್ಟು ರದ್ದುಮಾಡಬಹುದು. ಮೂರು ತಿಂಗಳೊಳಗೆ ಒಬ್ಬ ಧನಿಕನಿಗೆ ಮಾತ್ರ ಪಕ್ಷಪಾತದಿಂದ ಸಲ್ಲಿಸಿದ್ದೂ ನಿಲ್ಲದು. ಊರೆಲ್ಲರ ಎದುರಿಗೆ, ದಾಯಾದರ ಅನುಮತಿಯಿಂದ, ಧಾರೆಯೆರೆದು ಮಾರಬೇಕೆಂಬ ಹಳೆಯ ವಿಧಿಯು ಗುಟ್ಟಿನ ವಿಕ್ರಯವನ್ನು ಮೊದಲೇ ತಡೆಯುತ್ತಿದ್ದಿತು. ಹೊಸ ವಿಧಿಯು ಅದನ್ನು ನಡೆದ ಮೇಲೆ ಅಳಿಸುವುದು.

ಎಲ್ಲವನ್ನೂ ಒಪ್ಪಿಸಬೇಕೆಂದರೂ ಸಂಸಾರವನ್ನು ಬೀದಿಗೆ ಎಸೆಯುವುದು ಶಾಸನದ ಉದ್ದೇಶವಲ್ಲ. ೧೯೦೮ರ ಸಿವಿಲ್ ಪ್ರೊಸೀಜರ್ ಕೋಡಿನಂತೆ ಜಪ್ತಿಗೆ ಒಳಪಡದ ವಸ್ತುಗಳು ದಿವಾಳಿಯಲ್ಲಿಯೂ ಹೊರತು: ಉಡುವ ಬಟ್ಟೆ, ಅಡಿಗೆಯ ಪಾತ್ರೆ, ಹಾಸಿಗೆ, ಧಾರ್ಮಿಕ ರೂಢಿಯಂತೆ ಸ್ತ್ರೀಯು ತೆಗೆಯಕೂಡದ ಒಡವೆ, ಕಸುಬುಗಾರನ ಸಲಕರಣೆ, ರೈತನ ನೇಗಿಲು, ಎತ್ತು, ಬಿತ್ತನೆಯ ಕಾಳು, ಅವನು ವಾಸಿಸುವ ಮನೆ. ೧೯೭೬ರ ತಿದ್ದುಪಡಿಯಿಂದ ಕೂಲಿಕಾರನ ಮನೆಗೂ ಮನೆಗೆಲಸದವನ ಮನೆಗೂ ಈ ರಕ್ಷಣೆ ದೊರೆಯಿತು. ಪಟ್ಟಣದ ಗುಮಾಸ್ತನಿಗೂ ಅಂಗಡಿಯವನಿಗೂ ಆ ಕೋಡಿನಲ್ಲಿ ಇಂಥ ಆಶ್ರಯವಿಲ್ಲ. ದೇವದತ್ತನ ಎರಡು ಮನೆಗಳೂ ಹೋಗುವುದು ಇದರಿಂದಲೇ.

೫. ಮಕ್ಕಳ ಪಾಲು

ವಿಜ್ಞಾನೇಶ್ವರನ ಮತದಂತೆ ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಸ್ವತ್ವವುಂಟು. ತಂದೆಯ ಸಾಲವನ್ನು ತೀರಿಸುವುದು ಮಗನ ಧರ್ಮವೆಂಬುದೂ ಅದೇ ಗ್ರಂಥದ ಮತ. ಒಂದು ಮಗನ ಪಾಲನ್ನು ರಕ್ಷಿಸುವುದು, ಇನ್ನೊಂದು ಅದನ್ನು ಸಾಲಕ್ಕೆ ಒಡ್ಡುವುದು. ತಂದೆಯು ದಿವಾಳಿಯಾದಾಗ ಮಕ್ಕಳ ಪಾಲೂ ರಿಸೀವರನಿಗೆ ಸೇರುವುದೇ ಎಂಬ ಪ್ರಶ್ನೆಯು ಕೋರ್ಟುಗಳನ್ನು ಬಹುಕಾಲ ಕಾಡಿತು. ಮುಂಬಯಿ ಪ್ರಾಂತದಲ್ಲಿ ೧೮೬೬ರ ಶಾಸನವು ಮಗನ ಹೊಣೆಯನ್ನು ತಂದೆಯಿಂದ ಬಂದ ಆಸ್ತಿಗೆ ಮಿತಿಗೊಳಿಸಿದ್ದಿತು. ೧೯೨೪ರಲ್ಲಿ ಪ್ರಿವಿ ಕೌನ್ಸಿಲು ಪಟ್ಟಣಗಳ ದಿವಾಳಿ ಶಾಸನದ ಮೇಲೆ ಬಂದ ಮೊಕದ್ದಮೆಯಲ್ಲಿ, ಅವಿಭಕ್ತ ಕುಟುಂಬದ ಆಸ್ತಿಯು ತಂದೆಯ ದಿವಾಳಿಯಿಂದ ತಾನಾಗಿಯೇ ಇಡಿಯಾಗಿ ಹೋಗದೆಂದು ತೀರ್ಪಿತ್ತಿತು. ೧೯೪೮ರ ತಿದ್ದುಪಡಿಯು ತಂದೆಗೆ ಆ ಆಸ್ತಿಯ ಮೇಲೆ ಇದ್ದ ಅಧಿಕಾರವೂ, ಎಂದರೆ ಧರ್ಮವಿರುದ್ಧವಲ್ಲದ ಹಿಂದಿನ ಸಾಲಕ್ಕಾಗಿ ಮಕ್ಕಳ ಪಾಲನ್ನೂ ಮಾರುವ ಅಧಿಕಾರವೂ, ದಿವಾಳಿದಾರನ ಆಸ್ತಿಯಲ್ಲಿ ಸೇರುವುದೆಂದು ಸ್ಪಷ್ಟಪಡಿಸಿತು.

೨೦೦೫ರಲ್ಲಿ ಹಿಂದೂ ಉತ್ತರಾಧಿಕಾರದ ಶಾಸನಕ್ಕೆ ತಿದ್ದುಪಡಿಯಾಗಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದ ಪಾಲು ದೊರೆಯಿತು; ಆ ವರ್ಷದ ಸೆಪ್ಟೆಂಬರ್ ೯ರ ಮೇಲೆ ಮಾಡಿದ ಸಾಲಗಳಿಗೆ, ಧರ್ಮವೆಂಬ ಕಾರಣ ಮಾತ್ರದಿಂದ ಪುತ್ರಪೌತ್ರರನ್ನು ಹೊಣೆಮಾಡುವುದೂ ನಿಂತಿತು. ಕಲ್ಯಾಣದ ಆಚಾರ್ಯನು ಜೊತೆಯಾಗಿ ಕಟ್ಟಿದ ಎರಡು ತತ್ತ್ವಗಳಲ್ಲಿ ಜನ್ಮಸ್ವತ್ವವು ಹಬ್ಬಿತು, ಪಿತೃಋಣದ ಹೊಣೆಯು ಬಿಟ್ಟುಹೋಯಿತು.

೬. ಸೆರೆ, ವಿಮೋಚನೆ, ಜಾಮೀನು

ಸಾಲಕ್ಕಾಗಿ ಸೆರೆ ಹಾಕುವ ಪದ್ಧತಿಯೂ ಕ್ರಮೇಣ ಸಡಿಲವಾಯಿತು. ೧೯೩೬ರ ತಿದ್ದುಪಡಿಯು, ಕೊಡುವ ಶಕ್ತಿಯಿದ್ದೂ ಕೊಡದವನು, ಆಸ್ತಿಯನ್ನು ಅಡಗಿಸಿದವನು ಮುಂತಾದವರಿಗೆ ಮಾತ್ರ ಅದನ್ನು ಮೀಸಲಿರಿಸಿತು. ೧೯೮೦ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು, ಬಡತನದಿಂದ ಸಾಲ ತೀರಿಸಲಾರದವನನ್ನು ಸೆರೆಗೆ ಕಳುಹಿಸುವುದು ಸಂವಿಧಾನಕ್ಕೆ ಒಪ್ಪದೆಂದು ತೀರ್ಪಿತ್ತರು. ಕರ್ಣಾಟಕದಲ್ಲಿ ೧೯೭೬ರ ಋಣಪರಿಹಾರ ಶಾಸನವು ಸಣ್ಣ ರೈತರು, ಭೂಮಿಯಿಲ್ಲದ ಕೃಷಿಕಾರ್ಮಿಕರು, ದುರ್ಬಲ ವರ್ಗದವರು ಇವರು ಖಾಸಗಿಯಾಗಿ ಮಾಡಿದ ಸಾಲಗಳನ್ನು ವಜಾಮಾಡಿ ಅಡವಿನ ವಸ್ತುಗಳನ್ನು ಹಿಂದಿರುಗಿಸಬೇಕೆಂದು ವಿಧಿಸಿತು.

ದಿವಾಳಿಯ ಶಾಸನದಲ್ಲಿ ಕೋರ್ಟು ವಿಮೋಚನೆಯನ್ನು ಕೊಟ್ಟ ಮೇಲೆ ಋಣಿಯು ಹೊಸದಾಗಿ ಬದುಕಬಹುದು. ಆದರೆ ಸರ್ಕಾರದ ಬಾಕಿಯೂ, ವಂಚನೆಯಿಂದ ತಂದ ಸಾಲವೂ, ಜೀವನಾಂಶದ ಹೊಣೆಯೂ ಉಳಿದೇ ಇರುವುವು. ವಿಮೋಚನೆಗೆ ಮೊದಲು ತನ್ನ ಸ್ಥಿತಿಯನ್ನು ಹೇಳದೆ ಐವತ್ತು ರೂಪಾಯಿಗಳ ಸಾಲ ತಂದರೂ ೧೯೨೦ರ ಶಾಸನದಂತೆ ಅಪರಾಧವಾಗುವುದು. ಎಲ್ಲಕ್ಕಿಂತ ಮುಖ್ಯವಾಗಿ, ಋಣಿಗೆ ಆದ ವಿಮೋಚನೆಯಿಂದ ಜಾಮೀನುದಾರನು ಬಿಡುಗಡೆ ಹೊಂದನು. ಯಾಜ್ಞವಲ್ಕ್ಯನು ದರ್ಶನ, ಪ್ರತ್ಯಯ, ದಾನ ಎಂದು ಜಾಮೀನನ್ನು ಮೂರಾಗಿ ವಿಂಗಡಿಸಿ, ಹಣ ಕೊಡುವೆನೆಂದು ನಿಂತ ದಾನಪ್ರತಿಭುವಿನ ಹೊಣೆಯು ಮಾತ್ರ ಅವನ ಮಕ್ಕಳಿಗೂ ಬರುವುದೆಂದು ಹೇಳಿದ್ದನು. ಪರರ ಸಾಲಕ್ಕೆ ಸಹಿ ಹಾಕುವವನ ಮನೆಯೇ ಮೊದಲು ಅಲುಗುವುದೆಂಬ ಅನುಭವವು ಅಂದಿಗೂ ಇಂದಿಗೂ ಒಂದೇ.

೨೦೧೬ರಲ್ಲಿ ಪಾರ್ಲಿಮೆಂಟು ದಿವಾಳಿತನವನ್ನು ಕುರಿತು ಹೊಸ ಸಂಹಿತೆಯನ್ನು ರಚಿಸಿತು. ಅದರಲ್ಲಿ ವ್ಯಕ್ತಿಗಳಿಗೆ ಸಂಬಂಧಪಟ್ಟ ಭಾಗವನ್ನು ೨೦೧೯ರ ಡಿಸೆಂಬರ್ ೧ರಂದು ಜಾರಿಗೆ ತಂದುದು ಕಂಪೆನಿಗಳ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರ ಮಟ್ಟಿಗೆ ಮಾತ್ರ. ಆ ಆಜ್ಞೆಯು ಮಿಕ್ಕ ಗೃಹಸ್ಥರನ್ನು ೧೯೨೦ರ ಹಳೆಯ ಶಾಸನದ ಕೆಳಗೇ ಬಿಟ್ಟಿತು. ಹೊಸ ಸಂಹಿತೆಯಲ್ಲಿ ಒಂದು ಗಮನಾರ್ಹವಾದ ಅಂಶವಿದೆ. ಗೊತ್ತುಪಡಿಸಿದ ಬೆಲೆಗೆ ಮೀರದ, ಅಡವಿಗೆ ಒಳಗಾಗದ ಒಂದು ವಾಸದ ಮನೆಯನ್ನು ಅದು ಋಣಿಗೆ ಬಿಟ್ಟುಕೊಡುವುದು. ಅವನು ರೈತನೋ ಗುಮಾಸ್ತನೋ ಎಂಬ ಭೇದವನ್ನೆಣಿಸದು.

ಈ ದೀರ್ಘ ಇತಿಹಾಸವನ್ನು ನೋಡಿದರೆ ಹಿಂದಿನದೆಲ್ಲ ಮೇಲು, ಇಂದಿನದೆಲ್ಲ ಕೀಳು ಎಂದಾಗಲಿ, ಅದಕ್ಕೆ ವಿಪರ್ಯಾಯವಾಗಿ ಆಗಲಿ ಹೇಳುವುದು ಸಾಧ್ಯವಿಲ್ಲ. ಸ್ಮೃತಿಕಾರರು ನೆಲವನ್ನು ಕಾಪಾಡಿದರು, ಆದರೆ ಬಡವನ ದೇಹವನ್ನೂ ಅವನ ಮಕ್ಕಳ ಮುಂದಿನ ದಿನಗಳನ್ನೂ ಸಾಲಕ್ಕೆ ಒತ್ತೆಯಿಟ್ಟರು. ಆಧುನಿಕರು ದೇಹವನ್ನೂ ಮಕ್ಕಳನ್ನೂ ಬಿಡಿಸಿದರು, ಆದರೆ ಬಹುಕಾಲ ನೆಲವನ್ನು ಅಂಗಡಿಯ ಸರಕಿನಂತೆ ಕಂಡರು. ಋಣಿಗೆ ವಿಮೋಚನೆಯೂ ಬೇಕು, ತಲೆಯ ಮೇಲೆ ಸೂರೂ ಬೇಕು, ಧನಿಕನಿಗೆ ಅವನ ನ್ಯಾಯವಾದ ಹಣವೂ ಬರಬೇಕು ಎಂಬ ಮೂರನ್ನೂ ಸೇರಿಸುವ ಪ್ರಯತ್ನವು ಈಗಷ್ಟೇ ಆರಂಭವಾಗಿದೆ. ಆ ಪ್ರಯತ್ನವು ಫಲಿಸುವವರೆಗೆ ಗೃಹಸ್ಥರು ಪತ್ರಗಳನ್ನು ನೋಂದಾಯಿಸಿಕೊಂಡು, ವ್ಯವಹಾರವನ್ನು ಮನೆಯವರಿಗೆ ತಿಳಿಸಿ, ಆಸ್ತಿಯ ಹಸ್ತಾಂತರವನ್ನು ನಾಲ್ಕು ಜನರ ಮುಂದೆ ಮಾಡುವುದು ಕ್ಷೇಮಕರ. ಊರು, ಜ್ಞಾತಿ, ನೆರೆಯವರ ಸಮಕ್ಷಮದಲ್ಲಿ ಕೈಗೆ ನೀರು ಬಿಡಬೇಕೆಂದು ವಿಜ್ಞಾನೇಶ್ವರನು ಹೇಳಿದುದರ ಪ್ರಯೋಜನವು ಅಷ್ಟರ ಮಟ್ಟಿಗೆ ಇಂದಿಗೂ ಉಳಿದಿದೆ.